ಕ್ಯೋಟೊ ನೋಡಲು ಹೊರಟವರಿಗೆ: ಓದುಗರ ಪ್ರಶ್ನೆ, ನೇಕಾರರ ಮಗಳ ಉತ್ತರ

ಕ್ಯೋಟೊ ಕುರಿತು ಕೇಳುವುದೇನಾದರೂ ಇದ್ದರೆ ಬರೆಯಿರಿ ಎಂದು ಸಂಪಾದಕರು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದರು. ಬಂದ ಪತ್ರಗಳನ್ನೆಲ್ಲ ಎರಡೆರಡು ಸಲ ಓದಿದ್ದೇನೆ. ನನ್ನ ಪರಿಚಯವನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ. ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು. ನೇಯ್ಗೆ ಕಲಿಯಲೆಂದು ಜಪಾನಿನ ಈ ಕ್ಯೋಟೊಗೆ ಬಂದು ಹದಿನಾಲ್ಕು ವರ್ಷವಾಯಿತು. ನಿಶಿಜಿನ್ ಎಂಬ ನೇಕಾರರ ಕೇರಿಯಲ್ಲಿ ಹಳೆಯದೊಂದು ಮರದ ಮನೆಯಲ್ಲಿ ಬಾಡಿಗೆಗಿದ್ದೇನೆ. ದರ, ವೇಳಾಪಟ್ಟಿಗಳನ್ನು ಪ್ರವಾಸ ಕಂಪನಿಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಇಲ್ಲಿ ಬದುಕಿ ತಿಳಿದದ್ದನ್ನಷ್ಟೇ ನಾನು ಹೇಳುತ್ತೇನೆ.

ಪ್ರಶ್ನೆ: ಮಗ ಒಸಾಕಾದಲ್ಲಿದ್ದಾನೆ. ನಾನು, ನಮ್ಮ ಯಜಮಾನರು ನವೆಂಬರಿನಲ್ಲಿ ಹೋಗುತ್ತಿದ್ದೇವೆ. ಕ್ಯೋಟೊಗೆ ಮೂರು ದಿನ. ನೋಡಲೇಬೇಕಾದ ಹದಿನಾರು ಸ್ಥಳಗಳ ಪಟ್ಟಿಯನ್ನು ಮಗ ಕಳುಹಿಸಿದ್ದಾನೆ. ಯಜಮಾನರಿಗೆ ಮಂಡಿನೋವು. ಅಷ್ಟನ್ನೂ ನೋಡಲಾದೀತೇ? (ದಾವಣಗೆರೆಯ ಓದುಗರು)

ಆಗುವುದಿಲ್ಲ ಅಮ್ಮಾ. ಪಟ್ಟಿಯಲ್ಲಿ ಹತ್ತನ್ನು ಈಗಲೇ ಹೊಡೆದುಹಾಕಿ. ಇದು ಕನ್ಮು ಚಕ್ರವರ್ತಿ 794ರಲ್ಲಿ ಕಟ್ಟಿಸಿದ ರಾಜಧಾನಿ. ಅರಮನೆ ಟೋಕಿಯೊಗೆ ಹೋಗುವವರೆಗೆ, ಅಂದರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ, ಜಪಾನಿನ ಅರಸರ ಊರು ಇದೇ. ಬೌದ್ಧ ದೇವಾಲಯಗಳೇ ಸುಮಾರು 1,600 ಇವೆ, ಜಪಾನಿನ ಮೂಲ ಧರ್ಮವಾದ ಶಿಂತೊದ ಗುಡಿಗಳು ಸುಮಾರು 400. ಹದಿನಾಲ್ಕು ವರ್ಷದಲ್ಲಿ ನಾನು ಇವುಗಳಲ್ಲಿ ಕಾಲುಭಾಗವನ್ನೂ ನೋಡಿಲ್ಲ. ಹದಿನಾರನ್ನು ಓಡಿ ಓಡಿ ನೋಡಿದವರಿಗೆ ಊರಿಗೆ ಹೋದ ಮೇಲೆ ನೆನಪಿಗೆ ಬರುವುದು ಬಸ್ಸಿನ ನೂಕುನುಗ್ಗಲು ಮಾತ್ರ. ನವೆಂಬರಿನ ಕೊನೆಯಲ್ಲಿ ಮೇಪಲ್ ಎಲೆಗಳು ಕೆಂಪಾಗುವ ಕಾಲಕ್ಕೆ ಆ ನೂಕುನುಗ್ಗಲು ಇನ್ನೂ ಹೆಚ್ಚು.

ದಿನಕ್ಕೆ ಎರಡೇ ಸ್ಥಳ ಇಟ್ಟುಕೊಳ್ಳಿ, ಅದರಲ್ಲಿ ಒಂದು ಬೆಳಗಿನ ಜಾವಕ್ಕೆ. ಕಿಯೊಮಿಜು ದೇವಾಲಯದ ಬಾಗಿಲು ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಹದಿಮೂರು ಮೀಟರ್ ಎತ್ತರದ ಮರದ ಕಂಬಗಳ ಮೇಲೆ ನಿಂತ ಆ ಜಗಲಿ 1633ರಲ್ಲಿ ಕಟ್ಟಿದ್ದು. ಕಂಬಗಳನ್ನು ಒಂದಕ್ಕೊಂದು ತೂತು ಕೊರೆದು, ತೊಲೆ ತೂರಿಸಿ ಕೂಡಿಸಿದ್ದಾರೆ, ಮೊಳೆ ಹೊಡೆದಿಲ್ಲ. ಆರೂವರೆಗೆ ಅಲ್ಲಿ ನಿಂತರೆ ಕೆಳಗಿನ ಊರಿನಿಂದ ಮಂಜು ಏಳುವುದು ಕಾಣುತ್ತದೆ. ಹತ್ತು ಗಂಟೆಗೆ ಹೋದರೆ ಕಾಣುವುದು ಮುಂದಿನವರ ಬೆನ್ನು. ದಾರಿ ಏರು, ಹಾಗಾಗಿ ಯಜಮಾನರನ್ನು ಟ್ಯಾಕ್ಸಿಯಲ್ಲಿ ಆದಷ್ಟು ಮೇಲಿನವರೆಗೆ ಕರೆದೊಯ್ಯಿರಿ. ಅಲ್ಲಿಂದ ಇಳಿದು ಸಂಜುಸಂಗೆನ್‌ದೊ ನೋಡಿ. ಅಲ್ಲಿ ಎಲ್ಲವೂ ಸಮತಟ್ಟು, ಮಂಡಿಗೆ ಕಷ್ಟವಿಲ್ಲ. ಅದರ ಬಗ್ಗೆ ಕೆಳಗೆ ಇನ್ನೊಬ್ಬರಿಗೆ ವಿವರವಾಗಿ ಬರೆದಿದ್ದೇನೆ.

ಎರಡನೆಯ ದಿನ ಫುಶಿಮಿ ಇನಾರಿ. 711ರಿಂದ ನಡೆದುಬಂದ, ಅಕ್ಕಿ ಮತ್ತು ವ್ಯಾಪಾರದ ದೇವರ ಗುಡಿ ಇದು. ಹಗಲು ರಾತ್ರಿ ತೆರೆದೇ ಇರುತ್ತದೆ, ಶುಲ್ಕವೂ ಇಲ್ಲ. ಬೆಟ್ಟದ ತುದಿಯವರೆಗೆ ಸಾಲುಗಟ್ಟಿರುವ ಸಾವಿರಾರು ಕೆಂಪು ಕಮಾನುಗಳ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ತುದಿಗೆ ಹತ್ತಬೇಕಾಗಿಲ್ಲ. ಕೆಳಗಿನ ಎರಡು ಸಾಲು ಕಮಾನುಗಳೊಳಗೆ ನಡೆದು, ಅಲ್ಲೇ ತಿರುಗಿ ನಿಂತು ನೋಡಿ. ಹೋಗುವಾಗ ಬರಿ ಕೆಂಪಾಗಿ ಕಂಡ ಪ್ರತಿ ಕಂಬದ ಹಿಂಬದಿಯಲ್ಲಿ ಹರಕೆ ಹೊತ್ತವರ ಹೆಸರು, ತಿಂಗಳು, ವರ್ಷ ಕಪ್ಪಕ್ಷರದಲ್ಲಿ ಕೊರೆದಿರುತ್ತದೆ. ಸಣ್ಣ ಅಂಗಡಿಯವರಿಂದ ದೊಡ್ಡ ಕಂಪನಿಗಳವರೆಗೆ ಎಲ್ಲರೂ ಅಲ್ಲಿದ್ದಾರೆ. ಮರ ಕೊಳೆತಾಗ ಹಳೆಯ ಕಮಾನನ್ನು ತೆಗೆದು ಹೊಸ ಹರಕೆಯವರದ್ದನ್ನು ನಿಲ್ಲಿಸುತ್ತಾರೆ. ಆ ಸಾಲು ಎಂದಿಗೂ ಮುಗಿದ ಕೆಲಸವಲ್ಲ.

ಚಿನ್ನದ ಮಂಟಪ ಕಿಂಕಾಕುವನ್ನು ಬಿಟ್ಟರೆ ಮಗ ಬೇಸರಪಡುತ್ತಾನೆ, ನನಗೆ ಗೊತ್ತು. ಹೋಗಿ ಬನ್ನಿ, ಅರ್ಧ ಗಂಟೆ ಸಾಕು. 1397ರಲ್ಲಿ ಆಗ ನಾಡನ್ನು ಆಳುತ್ತಿದ್ದ ಸೇನಾಧಿಪತಿ ಮನೆತನದ ಅಶಿಕಾಗಾ ಯೊಶಿಮಿತ್ಸು ಕಟ್ಟಿಸಿದ್ದನ್ನು 1950ರಲ್ಲಿ ಒಬ್ಬ ಎಳೆಯ ಸನ್ಯಾಸಿ ಸುಟ್ಟುಹಾಕಿದ. ನಾವು ಇಂದು ನೋಡುವುದು 1955ರಲ್ಲಿ ಮರಳಿ ಕಟ್ಟಿದ್ದು. ನನ್ನ ಮನಸ್ಸು ಒಲಿಯುವುದು ಪೂರ್ವದ ಗಿಂಕಾಕುವಿಗೆ. ಬೆಳ್ಳಿ ಮಂಟಪ ಎಂದು ಹೆಸರಿದ್ದರೂ ಅದಕ್ಕೆ ಬೆಳ್ಳಿಯ ಹಾಳೆ ಎಂದೂ ಅಂಟಿಸಿದ್ದಿಲ್ಲ. ಐನೂರು ವರ್ಷ ಮಳೆ ಬಿಸಿಲಿಗೆ ಒಡ್ಡಿಕೊಂಡ ಮರದ ಬೂದುಬಣ್ಣವೇ ಅದರ ಅಲಂಕಾರ. ಮೂರನೆಯ ದಿನ ಶಿಮೊಗಾಮೊ ಗುಡಿಯ ಕಾಡಿನಲ್ಲಿ ನಿಧಾನವಾಗಿ ಅಡ್ಡಾಡಿ. ನೆಲ ಸಮತಟ್ಟಾಗಿದೆ, ಪಕ್ಕದಲ್ಲಿ ಹಳ್ಳ ಹರಿಯುತ್ತದೆ, ಊರಿನ ಬೇರೆ ಕಡೆ ಎಲೆ ಉದುರಿದ ಮೇಲೂ ಅಲ್ಲಿ ಬಣ್ಣ ಉಳಿದಿರುತ್ತದೆ.

ಪ್ರಶ್ನೆ: ನಾವು ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನದವರು. ಜಪಾನಿನಲ್ಲಿ ಎಲ್ಲದಕ್ಕೂ ಮೀನು ಬೀಳುತ್ತದೆ ಎಂದು ಕೇಳಿದ್ದೇನೆ. ಅವಲಕ್ಕಿ ಕಟ್ಟಿಕೊಂಡು ಹೋಗುವುದೊಂದೇ ದಾರಿಯೇ? (ಉಡುಪಿಯ ಓದುಗರು)

ಅವಲಕ್ಕಿ ಇರಲಿ, ಚಟ್ನಿಪುಡಿಯೂ ಇರಲಿ. ಆದರೆ ಅದೊಂದನ್ನೇ ತಿಂದು ಈ ಊರಿನಿಂದ ಹಿಂದಿರುಗಬೇಡಿ. ಜಪಾನಿನಲ್ಲಿ ನಿಮ್ಮ ಮಡಿ ಅಡುಗೆಗೆ ನೆಂಟಸ್ತಿಕೆ ಇರುವ ಊರು ಯಾವುದಾದರೂ ಇದ್ದರೆ ಅದು ಕ್ಯೋಟೊ.

ಮೊದಲು ತೊಡಕನ್ನು ಹೇಳುತ್ತೇನೆ. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಇವರ ಅಡುಗೆಗೆ ದಶಿ ಹಾಗೆ. ಕೊಂಬು ಎಂಬ ಕಡಲ ಸೊಪ್ಪನ್ನೂ ಕತ್ಸುಓಬುಶಿಯನ್ನೂ ನೀರಿನಲ್ಲಿ ಕುದಿಸದಂತೆ ಕಾಯಿಸಿ ಸೋಸಿದ ತಿಳಿ ಅದು. ಕತ್ಸುಓಬುಶಿ ಎಂದರೆ ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಮೀನು. ಅದನ್ನು ರಂದದಲ್ಲಿ ಹೆರೆದಂತೆ ಹೆರೆದು ಹಾಕುತ್ತಾರೆ. ಸೋಸಿದ ಮೇಲೆ ತಿಳಿಯಲ್ಲಿ ಮೀನಿನ ಚೂರೂ ಕಾಣುವುದಿಲ್ಲ. ಬಂದ ಹೊಸತರಲ್ಲಿ ನಾನು ಮನೆಯ ಹತ್ತಿರದ ಸಣ್ಣ ಊಟದಂಗಡಿಯೊಂದರಲ್ಲಿ ಮೀನು ಬೇಡ ಎಂದು ಹೇಳಿ ಬೇಯಿಸಿದ ಕುಂಬಳಕಾಯಿ, ಪಾಲಕ್, ಸೋಯಾ ಹಾಲಿನ ಪನೀರಿನಂಥ ತೋಫು ತಿನ್ನುತ್ತಿದ್ದೆ. ಸುಮಾರು ಒಂದು ತಿಂಗಳಾದ ಮೇಲೆ ಅಡುಗೆಯಾಕೆ ದಶಿ ಮಾಡುವುದನ್ನು ಕಣ್ಣಾರೆ ಕಂಡೆ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅತ್ತೆ. ಅಡುಗೆಯಾಕೆ ನನಗೆ ಮೋಸ ಮಾಡಿರಲಿಲ್ಲ. ಮೀನು ಬೇಡ ಎಂದರೆ ತಟ್ಟೆಯಲ್ಲಿ ಮೀನಿನ ಹೋಳು ಬೇಡ ಎಂದೇ ಇಲ್ಲಿ ಅರ್ಥ. ಆದ್ದರಿಂದ ಎರಡೂ ಮಾತನ್ನು ಹೇಳಬೇಕು: “ನಿಕು ತೊ ಸಕನಾ ವಾ ತಬೆಮಸೆನ್. ಕತ್ಸುಓ ದಶಿ ಮೊ ತಬೆಮಸೆನ್.” ಮಾಂಸ, ಮೀನು ತಿನ್ನುವುದಿಲ್ಲ, ಮೀನಿನ ದಶಿಯನ್ನೂ ತಿನ್ನುವುದಿಲ್ಲ ಎಂದು ಇದರ ಅರ್ಥ. ಉಳಿದುಕೊಳ್ಳುವ ಹೋಟೆಲಿನವರಿಂದ ಇದನ್ನು ಜಪಾನಿ ಅಕ್ಷರದಲ್ಲಿ ಬರೆಸಿಕೊಂಡು ಕೈಚೀಲದಲ್ಲಿ ಇಟ್ಟುಕೊಳ್ಳಿ.

ಇನ್ನು ನೆಂಟಸ್ತಿಕೆಯ ಮಾತು. ಬೌದ್ಧ ಮಠಗಳ ಅಡುಗೆಗೆ ಶೊಜಿನ್ ರ್ಯೋರಿ ಎಂದು ಹೆಸರು. ಶೊಜಿನ್ ಎಂದರೆ ಸಾಧನೆಯಲ್ಲಿ ಹಿಂಜರಿಯದ ಶ್ರಮ. ಅದರಲ್ಲಿ ಮೀನು, ಮಾಂಸ, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಸೇರಿದಂತೆ ಐದು ಬಗೆಯ ಘಾಟು ಪದಾರ್ಥಗಳೂ ನಿಷಿದ್ಧ. ಮನಸ್ಸನ್ನು ಕೆರಳಿಸುತ್ತವೆ ಎಂದು ಅವರು ಕೊಡುವ ಕಾರಣವನ್ನು ಕೇಳಿದರೆ ನಿಮಗೆ ನಿಮ್ಮ ಅಜ್ಜಿಯ ನೆನಪಾಗುತ್ತದೆ. ದಶಿಯನ್ನು ಕೊಂಬು ಮತ್ತು ಒಣ ಅಣಬೆಯಿಂದ ಮಾಡುತ್ತಾರೆ. ಅರಶಿಯಾಮಾದ ತೆನ್‌ರ್ಯೂಜಿ ಮಠದ ಆವರಣದಲ್ಲಿ ಶಿಗೆತ್ಸು ಎಂಬಲ್ಲಿ ಮಧ್ಯಾಹ್ನ ಈ ಊಟ ಸಿಗುತ್ತದೆ. ಚಾಪೆಯ ಮೇಲೆ ಪಂಕ್ತಿಯಲ್ಲಿ ಕೂರಬೇಕು. ಕೆಂಪು ಅರಗಿನ ಬಟ್ಟಲುಗಳು ಬರುತ್ತವೆ. ಗೊಮಾದೋಫುವನ್ನು ಮೊದಲು ಬಾಯಿಗೆ ಹಾಕಿ. ಹೆಸರಿನಲ್ಲಿ ತೋಫು ಇದ್ದರೂ ಸೋಯಾ ಅಲ್ಲ, ಎಳ್ಳನ್ನು ನುಣ್ಣಗೆ ಅರೆದು ಗೆಡ್ಡೆಯ ಹಿಟ್ಟಿನೊಡನೆ ಕಾಸಿ ಗಟ್ಟಿ ಮಾಡಿದ್ದು. ಹದ ನಮ್ಮ ಹಾಲುಬಾಯಿಯದೇ. ಯುಬಾ ಎಂದರೆ ಸೋಯಾ ಹಾಲು ಕಾಯಿಸುವಾಗ ಮೇಲೆ ಕಟ್ಟುವ ಕೆನೆ. ಕೋಲಿನಿಂದ ಎತ್ತಿ ಮಡಚಿ ಕೊಡುತ್ತಾರೆ. ಕೊನೆಗೆ ಅನ್ನ ಮತ್ತು ಉಪ್ಪಿನಲ್ಲಿ ಊರಿಸಿದ ತರಕಾರಿ. ನಮ್ಮಲ್ಲಿ ಮಜ್ಜಿಗೆ ಅನ್ನ, ಉಪ್ಪಿನಕಾಯಿಯಲ್ಲಿ ಊಟ ಮುಗಿದಂತೆ. ಬೌದ್ಧರ ಜೆನ್ ಪಂಥದ ಮಠಗಳ ಸನ್ಯಾಸಿಗಳು ಉಪ್ಪಿನ ಮೂಲಂಗಿಯ ಒಂದು ಹೋಳನ್ನು ಕೊನೆಯವರೆಗೆ ಉಳಿಸಿ, ಬಟ್ಟಲಿಗೆ ಬಿಸಿನೀರು ಅಥವಾ ಚಹಾ ಹುಯ್ದು, ಆ ಹೋಳಿನಿಂದಲೇ ಬಟ್ಟಲನ್ನು ಉಜ್ಜಿ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಒಂದು ಅಗುಳೂ ಹೊರಗೆ ಹೋಗುವುದಿಲ್ಲ.

ನಾನ್‌ಜೆನ್‌ಜಿ ದೇವಾಲಯದ ಸುತ್ತ ಯುದೋಫು, ಅಂದರೆ ಬಿಸಿನೀರಿನ ತೋಫು, ಬಡಿಸುವ ಅಂಗಡಿಗಳಿವೆ. ಈ ಊರಿನ ಅಂತರ್ಜಲ ಮೆದು, ತೋಫುವಿನ ರುಚಿಗೆ ಅದೇ ಕಾರಣ ಎನ್ನುತ್ತಾರೆ. ತೋಫು ನಿಮಗೆ ಸಲ್ಲುತ್ತದೆ, ಪಕ್ಕದಲ್ಲಿಡುವ ಅದ್ದಿಕೊಳ್ಳುವ ರಸದಲ್ಲಿ ಮಾತ್ರ ಹೆಚ್ಚಾಗಿ ಮೀನಿನ ದಶಿ ಇರುತ್ತದೆ. ಬರಿ ಸೋಯಾ ಸಾಸ್ ಕೇಳಿ ಪಡೆಯಿರಿ. ಉಪ್ಪಿನಕಾಯಿಯಲ್ಲಿ ಶಿಬಾಜುಕೆಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಉತ್ತರದ ಓಹಾರಾ ಹಳ್ಳಿಯವರು ಬದನೆಕಾಯಿಯನ್ನು ಕೆಂಪು ಶಿಸೊ ಎಲೆ ಮತ್ತು ಉಪ್ಪಿನಲ್ಲಿ ಒತ್ತಿಟ್ಟು ಹುಳಿ ಬರಿಸುತ್ತಾರೆ, ನೇರಳೆ ಬಣ್ಣ ಎಲೆಯಿಂದಲೇ ಬರುತ್ತದೆ.

ಸಿಹಿ ತಿಂಡಿಗಳಲ್ಲಿ ಹೆಚ್ಚಿನವು ಅಕ್ಕಿಹಿಟ್ಟು, ಸಕ್ಕರೆ, ಕೆಂಪು ಕಾಳಿನ ಹೂರಣದವು. ಹೌದು, ಹೂರಣವೇ. ಬೇಯಿಸಿ, ಸಕ್ಕರೆ ಬೆರೆಸಿ, ಒಲೆಯ ಮೇಲೆ ತಿರುವಿ ಹದಗೊಳಿಸುವ ರೀತಿಯೂ ಅದೇ. ಅದನ್ನು ದಾಲ್ಚಿನ್ನಿ ಬೆರೆಸಿದ ಅಕ್ಕಿಹಿಟ್ಟಿನ ಹಾಳೆಯಲ್ಲಿ ತ್ರಿಕೋನವಾಗಿ ಮಡಚಿದರೆ ನಾಮಾ ಯತ್ಸುಹಾಶಿ. ಜೂನ್ 30ರಂದು ಬಂದರೆ ಮಿನಜುಕಿ ತಿನ್ನಿ. ಬಿಳಿಯ ತ್ರಿಕೋನದ ಮೇಲೆ ಕೆಂಪು ಕಾಳು ಹರಡಿರುತ್ತದೆ. ಹಿಂದೆ ಬೇಸಿಗೆಯಲ್ಲಿ ಮಂಜುಗಡ್ಡೆ ಅರಮನೆಯವರಿಗೆ ಮಾತ್ರ ಸಿಗುತ್ತಿತ್ತು, ಜನ ಅದರ ಚೂರಿನ ಆಕಾರದಲ್ಲಿ ಈ ತಿಂಡಿ ಮಾಡಿಕೊಂಡರು. ಕೆಂಪು ಕಾಳು ವರ್ಷದ ಉಳಿದರ್ಧದ ರೋಗರುಜಿನವನ್ನು ದೂರವಿಡುತ್ತದೆಂಬ ನಂಬಿಕೆ. ಆ ದಿನ ನಮ್ಮ ಕೇರಿಯಲ್ಲಿ ಅದನ್ನು ತಿನ್ನದ ಮನೆಯನ್ನು ನಾನು ಕಂಡಿಲ್ಲ.

ಪ್ರಶ್ನೆ: ಅಲ್ಲಿನ ದೇವಾಲಯಗಳಲ್ಲಿ ನಮ್ಮ ದೇವರುಗಳಿದ್ದಾರೆ ಎಂದು ಮೊಬೈಲಿನಲ್ಲಿ ಬರುವುದನ್ನು ನಂಬಬಹುದೇ? (ಹುಬ್ಬಳ್ಳಿಯ ಕಾಲೇಜು ವಿದ್ಯಾರ್ಥಿ)

ಮೊಬೈಲಿನ ಉತ್ಪ್ರೇಕ್ಷೆ ಬೇಡ, ಇರುವುದೇ ಸಾಕಷ್ಟಿದೆ. ನಮ್ಮವರು ಇಲ್ಲಿಗೆ ಬಂದು ಆಳಿದರೆಂದಾಗಲಿ, ಇಲ್ಲಿನವರು ನಮ್ಮ ಧರ್ಮದವರೆಂದಾಗಲಿ ಅಲ್ಲ. ಬೌದ್ಧ ಧರ್ಮ ಮಧ್ಯ ಏಷ್ಯಾ, ಚೀನಾ ದಾಟಿ ಬರುವಾಗ ತನ್ನೊಡನೆ ಬ್ರಹ್ಮ, ಇಂದ್ರ, ಸರಸ್ವತಿ, ಗರುಡರನ್ನು ಕಾವಲಿನವರನ್ನಾಗಿ ಕರೆತಂದಿತು. ಅವರು ಇಲ್ಲಿನ ಹೆಸರು, ಇಲ್ಲಿನ ಮುಖ ಪಡೆದು ಸಾವಿರ ವರ್ಷದಿಂದ ಇದ್ದಾರೆ.

ಸಂಜುಸಂಗೆನ್‌ದೊಗೆ ಹೋಗಿ ತಮ್ಮಾ. ಹೆಸರಿನ ಅರ್ಥ ಮೂವತ್ಮೂರು ಅಂಕಣದ ಸಭಾಂಗಣ. 1164ರಲ್ಲಿ ಕಟ್ಟಿದ್ದು, 1249ರ ಬೆಂಕಿಗೆ ಸುಟ್ಟು, 1266ರಲ್ಲಿ ಮತ್ತೆ ಎದ್ದಿದ್ದು. ಸುಮಾರು 120 ಮೀಟರ್ ಉದ್ದದ ಒಂದೇ ಮರದ ಕಟ್ಟಡದೊಳಗೆ 1,001 ಕನ್ನೊನ್ ಮೂರ್ತಿಗಳು. ನಡುವೆ ಕುಳಿತಿರುವುದು ಒಂದು, ಎರಡೂ ಕಡೆ ಐನೂರೈನೂರು ನಿಂತಿರುವುವು. ನಡುವಿನ ಮೂರ್ತಿಯನ್ನು ಶಿಲ್ಪಿ ತಂಕೆಯ್ ಎಂಬತ್ತು ದಾಟಿದ ಮೇಲೆ ಮಾಡಿ ಮುಗಿಸಿದ. ಕನ್ನೊನ್ ಎಂದರೆ ನಮ್ಮ ಅವಲೋಕಿತೇಶ್ವರ, ಬೌದ್ಧರ ಕರುಣಾಮೂರ್ತಿ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇದೆಯಲ್ಲ, ಅವನೇ ಇವನು. ಕದ್ರಿಯಲ್ಲಿ ಒಬ್ಬ, ಇಲ್ಲಿ ಸಾವಿರದ ಒಬ್ಬ. ಸಾವಿರದಲ್ಲಿ ಎರಡು ಮುಖ ಒಂದೇ ತೆರನಾಗಿಲ್ಲ. ಅಗಲಿದವರ ಮುಖ ಅಲ್ಲಿ ಸಿಗುತ್ತದೆಂದು ಇಲ್ಲಿನವರು ಹುಡುಕುತ್ತಾರೆ. ನಾನೂ ಪ್ರತಿ ವರ್ಷ ಅಪ್ಪನ ತಿಥಿಯ ದಿನ ಹೋಗಿ ಸಾಲುಸಾಲಾಗಿ ನೋಡುತ್ತೇನೆ. ಎಡಗಡೆಯ ಮೇಲಿನ ಸಾಲಿನಲ್ಲಿ ಒಂದು ಮುಖ ಇದೆ.

ಆ ಸಾವಿರ ಮೂರ್ತಿಗಳ ಮುಂದೆ ಇಪ್ಪತ್ತೆಂಟು ಕಾವಲು ದೇವತೆಗಳು ನಿಂತಿದ್ದಾರೆ. ಕೊಕ್ಕಿನ ಮುಖದ ಕರುರಾ ಕೊಳಲೂದುತ್ತಾನೆ. ಅವನು ಗರುಡ. ನಾರಾಯಣ, ಇಂದ್ರ, ಬ್ರಹ್ಮ, ಕಿನ್ನರ, ಆರು ಕೈಯ ಅಸುರ ಎಲ್ಲರೂ ಇದ್ದಾರೆ. ವಸು ಎಂಬ ಮುದುಕ ಋಷಿಯ ಎದೆಗೂಡಿನ ಎಲುಬು ಎಣಿಸುವಂತೆ ಕೆತ್ತಿದ್ದಾರೆ. ಎರಡು ತುದಿಯಲ್ಲಿ ಗಾಳಿಯ ಮೂಟೆ ಹೊತ್ತ ವಾಯುದೇವ, ಡೋಲುಗಳ ಬಳೆಯೊಳಗೆ ನಿಂತ ಗುಡುಗಿನ ದೇವ. ಒಳಗೆ ಚಿತ್ರ ತೆಗೆಯುವಂತಿಲ್ಲ, ಅದಕ್ಕೇ ಜನ ಕಣ್ಣುಬಿಟ್ಟು ನೋಡುತ್ತಾರೆ.

ಬಿಡುವಿದ್ದರೆ ತೋಜಿಗೂ ಹೋಗಿ. ಕೂಕಾಯ್ ಎಂಬ ಮಹಾಗುರುವಿಗೆ 823ರಲ್ಲಿ ಒಪ್ಪಿಸಿದ ದೇವಾಲಯ. ಚೀನಾದಲ್ಲಿದ್ದಾಗ ಅವನು ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನ ಬಳಿಯೂ ಕಲಿತವನು. ಅಲ್ಲಿನ ಉಪನ್ಯಾಸ ಮಂದಿರದಲ್ಲಿ ನಾಲ್ಕು ಹಂಸಗಳ ಮೇಲೆ ಕುಳಿತ ನಾಲ್ಮೊಗದ ಬ್ರಹ್ಮನನ್ನು, ಆನೆಯ ಮೇಲಿನ ಇಂದ್ರನನ್ನು ಯಾರೂ ಹೇಳದೆ ನೀವೇ ಗುರುತಿಸುತ್ತೀರಿ. ಪ್ರತಿ ತಿಂಗಳ 21ಕ್ಕೆ, ಕೂಕಾಯ್ ತೀರಿಕೊಂಡ ತಾರೀಖಿನಲ್ಲಿ, ಆವರಣದ ತುಂಬ ಸಂತೆ ಸೇರುತ್ತದೆ. ಹಳೆಯ ಕಿಮೊನೊಗಳು ರಾಶಿಯಲ್ಲಿ ಸಿಗುವುದು ಅಲ್ಲೇ.

ನೀವು ವಿದ್ಯಾರ್ಥಿಯಾದ್ದರಿಂದ ಇನ್ನೊಂದು ಮಾತು. ಜಪಾನಿ ಅಕ್ಷರಮಾಲೆಯ ಕ್ರಮ ಕೇಳಿ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ಮಂತ್ರಗಳ ಅಕ್ಷರ ಕಲಿತ ಭಿಕ್ಷುಗಳು ಇಟ್ಟ ಕ್ರಮ ಇದು. ಭಾಷಾ ತರಗತಿಯ ಮೊದಲ ದಿನ ಬೇರೆ ದೇಶದವರೆಲ್ಲ ಬಾಯಿಪಾಠ ಮಾಡುತ್ತಿದ್ದಾಗ ನಾನು ನನ್ನ ಒಂದನೇ ತರಗತಿಯ ಹಲಗೆಯನ್ನು ನೆನೆದು ಸುಮ್ಮನೆ ಕುಳಿತಿದ್ದೆ. ವಿಭಕ್ತಿ ನಾಮಪದದ ನಂತರ, ಕ್ರಿಯಾಪದ ವಾಕ್ಯದ ಕೊನೆಗೆ. ಕನ್ನಡಿಗರಿಗೆ ಈ ಭಾಷೆ ಕಠಿಣವಲ್ಲ. ಕಲಿಯಿರಿ.

ಪ್ರಶ್ನೆ: ಗೀಶಾಗಳ ಜೊತೆ ಫೋಟೋ ತೆಗೆಸಿಕೊಳ್ಳಬಹುದೇ? (ಬೆಂಗಳೂರಿನ ಓದುಗರು)

ದಯವಿಟ್ಟು ಬೇಡ. ಹಾಡು, ನೃತ್ಯದಿಂದ ಅತಿಥಿಗಳನ್ನು ರಂಜಿಸುವ ಈ ಕಲಾವಿದೆಯರನ್ನು ಈ ಊರಿನಲ್ಲಿ ಗೇಕೊ ಎನ್ನುತ್ತಾರೆ, ಕಲಿಯುತ್ತಿರುವ ಹುಡುಗಿಯರನ್ನು ಮೈಕೊ ಎನ್ನುತ್ತಾರೆ. ಸಂಜೆ ಅವರ ಕೇರಿಯಾದ ಗಿಯೊನ್ ಬೀದಿಯಲ್ಲಿ ಸರಸರನೆ ನಡೆಯುತ್ತಿರುವ ಮೈಕೊ ಕೆಲಸಕ್ಕೆ ಹೊರಟಿರುವ ಹದಿಹರೆಯದ ಹುಡುಗಿ. ದಾರಿಗೆ ಅಡ್ಡ ನಿಂತು, ತೋಳು ಹಿಡಿದು ಎಳೆದ ಪ್ರವಾಸಿಗರನ್ನು ನಾನು ಕಂಡಿದ್ದೇನೆ. ನಮ್ಮ ಮಕ್ಕಳಿಗೆ ಯಾರಾದರೂ ಹಾಗೆ ಮಾಡಿದರೆ ಸಹಿಸುತ್ತೇವೆಯೇ? ಆ ಹಾವಳಿಯಿಂದಾಗಿಯೇ ಖಾಸಗಿ ಓಣಿಗಳಿಗೆ ಹೊರಗಿನವರು ಕಾಲಿಡಬಾರದು, ಇಟ್ಟರೆ 10,000 ಯೆನ್ ದಂಡ ಎಂಬ ಫಲಕಗಳು ಬಂದಿವೆ. ಅವರ ಕಲೆ ನೋಡುವ ಆಸೆ ನಿಜವಾಗಿದ್ದರೆ ಏಪ್ರಿಲ್ ತಿಂಗಳಲ್ಲಿ ಬನ್ನಿ. 1872ರಲ್ಲಿ ಆರಂಭವಾದ ಮಿಯಾಕೊ ಒದೊರಿ ನೃತ್ಯಕ್ಕೆ ಟಿಕೆಟ್ ಕೊಂಡು ಕುಳಿತು ನೋಡಬಹುದು.

ಪ್ರಶ್ನೆ: ಸಸ್ಯಾಹಾರದ ಮಾತನ್ನೇ ಎಲ್ಲರೂ ಬರೆಯುತ್ತೀರಿ. ನಾವು ಕರಾವಳಿಯವರು. ಮೀನಿನಲ್ಲಿ ಏನು ತಿನ್ನಬೇಕು? (ಕುಂದಾಪುರದ ಓದುಗರು)

ನ್ಯಾಯವಾದ ದೂರು. ನಾನು ತಿನ್ನುವುದಿಲ್ಲ, ಆದರೆ ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಎಷ್ಟೋ ಸಂಜೆ ಕುಳಿತಿದ್ದೇನೆ. ಕ್ಯೋಟೊ ಕಡಲಿಲ್ಲದ, ಮೂರು ಕಡೆ ಬೆಟ್ಟವಿರುವ ಊರು. ಇಲ್ಲಿಗೆ ಮೀನು ಬರುತ್ತಿದ್ದದ್ದು ಉತ್ತರದ ವಕಾಸಾ ತೀರದಿಂದ, ಜನರ ಹೆಗಲ ಮೇಲೆ. ಸಬಾ ಎಂಬ ಮೀನು, ನಿಮ್ಮ ಬಂಗುಡೆಯ ದಾಯಾದಿ. ಹಿಡಿದ ಕೂಡಲೇ ಉಪ್ಪು ಹಾಕಿ ಸುಮಾರು 70 ಕಿಲೋಮೀಟರ್ ಬೆಟ್ಟದ ದಾರಿಯಲ್ಲಿ ಹೊತ್ತು ತಂದರೆ ಊರು ಮುಟ್ಟುವ ಹೊತ್ತಿಗೆ ಉಪ್ಪು ಹದವಾಗಿ ಇಳಿದಿರುತ್ತಿತ್ತು. ಆ ದಾರಿಗೆ ಇಂದಿಗೂ ಸಬಾ ರಸ್ತೆ ಎಂದೇ ಹೆಸರು. ಆ ಮೀನನ್ನು ವಿನಿಗರಿನಲ್ಲಿ ನೆನೆಸಿ ಅನ್ನದ ಮೇಲೆ ಒತ್ತಿ, ಕೊಂಬು ಸುತ್ತಿ ಮಾಡಿದ ಸಬಾಜುಶಿ ಇಲ್ಲಿನ ಹಬ್ಬದಡುಗೆ.

ಬೇಸಿಗೆಯಲ್ಲಿ ಹಾಮೊ ತಿನ್ನಿ. ಹಾವಿನಂತೆ ಉದ್ದನೆಯ ಕಡಲ ಮೀನು, ಗಟ್ಟಿ ಜೀವ, ಸೆಕೆಯಲ್ಲೂ ಬದುಕಿಯೇ ಊರು ತಲುಪುತ್ತಿತ್ತು. ಮೈತುಂಬ ಸಣ್ಣ ಮುಳ್ಳು. ಅಡುಗೆಯವರು ತೊಗಲು ಕಡಿಯದಂತೆ ಮೂರು ಸೆಂಟಿಮೀಟರಿಗೆ ಇಪ್ಪತ್ತಕ್ಕೂ ಹೆಚ್ಚು ಸಲ ಕತ್ತಿ ಇಳಿಸಿ ಮುಳ್ಳನ್ನು ಪುಡಿ ಮಾಡುತ್ತಾರೆ. ಜರಕ್ ಜರಕ್ ಎಂಬ ಆ ಸದ್ದು ಕೇಳಿಸಿದರೆ ಜುಲೈ ಬಂತೆಂದು ಅರ್ಥ.

ಪ್ರಶ್ನೆ: ಗಿಯೊನ್ ಹಬ್ಬದ ತೇರು ನೋಡಲು ಜುಲೈ 17ಕ್ಕೇ ಬರಬೇಕೇ? (ಮೈಸೂರಿನ ಓದುಗರು)

17ರಂದು ನಡೆಯುವುದು ದೊಡ್ಡ ಮೆರವಣಿಗೆ, 24ರಂದು ಎರಡನೆಯದು. ನನ್ನ ಸಲಹೆ ಬೇರೆ. 10ರ ಹೊತ್ತಿಗೇ ಬನ್ನಿ.

869ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಅದನ್ನು ಶಮನಗೊಳಿಸಲು ಆರಂಭವಾದ ಪೂಜೆ ಇದು. ಗಿಯೊನ್ ಎಂಬ ಹೆಸರೇ ಬುದ್ಧ ಮಳೆಗಾಲ ಕಳೆಯುತ್ತಿದ್ದ ಶ್ರಾವಸ್ತಿಯ ಜೇತವನದ ಜಪಾನಿ ರೂಪ. 10ರಿಂದ ಕೇರಿಕೇರಿಗಳಲ್ಲಿ ತೇರು ಕಟ್ಟಲು ತೊಡಗುತ್ತಾರೆ. ಮೊಳೆ ಇಲ್ಲ, ಹುಲ್ಲಿನ ಹಗ್ಗ ಮಾತ್ರ. ಮರದ ಕೀಲುಗಳ ಮೇಲೆ ಹಗ್ಗವನ್ನು ಹೆಣೆದು ಹೆಣೆದು ಬಿಗಿಯುವ ಆ ಅಂದವನ್ನು ಮೆರವಣಿಗೆಯ ದಿನ ಪರದೆಗಳು ಮುಚ್ಚಿಬಿಡುತ್ತವೆ. ದೊಡ್ಡ ತೇರು ಹತ್ತು ಟನ್ನಿಗೂ ಮೀರಿ ತೂಗುತ್ತದೆ. 12 ಮತ್ತು 13ರಂದು ಅದನ್ನು ಸ್ವಲ್ಪ ದೂರ ಎಳೆದು ಪರೀಕ್ಷಿಸುತ್ತಾರೆ. ಆಗ ಹೆಂಗಸರು, ಮಕ್ಕಳು, ಪರದೇಶದವರು ಯಾರು ಬೇಕಾದರೂ ಮಿಣಿ ಹಿಡಿಯಬಹುದು. ನಾನು ಎಳೆದಿದ್ದೇನೆ. ಬನಶಂಕರಿಯ ತೇರಿನ ಮಿಣಿ ಮುಟ್ಟಿದ ಕೈಗೆ ಆ ಒರಟು ಹೊಸದೆನಿಸಲಿಲ್ಲ.

ಮೆರವಣಿಗೆಯ ದಿನ ತೇರು ಮೂಲೆ ತಿರುಗುವುದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಚಕ್ರಗಳು ಅತ್ತಿತ್ತ ತಿರುಗುವುದಿಲ್ಲ. ಸೀಳಿದ ಹಸಿ ಬಿದಿರನ್ನು ಚಕ್ರದಡಿಗೆ ಹಾಸಿ, ನೀರು ಎರಚಿ, ಅಡ್ಡಕ್ಕೆ ಹಗ್ಗ ಎಳೆದು ಜಾರಿಸುತ್ತಾರೆ. ಮೂರು ನಾಲ್ಕು ಎಳೆತಕ್ಕೆ ಅಷ್ಟು ದೊಡ್ಡ ತೇರು ನರಳುತ್ತಾ ಮುಖ ತಿರುಗಿಸುತ್ತದೆ. ತೇರುಗಳಿಗೆ ಹೊದಿಸುವ ಬಟ್ಟೆಗಳಲ್ಲಿ ಬೆಲ್ಜಿಯಂನ ಚಿತ್ರಗಂಬಳಿ, ಮೊಘಲರ ಕಾಲದ ಭಾರತದ ರತ್ನಗಂಬಳಿ ಕೂಡ ಇವೆ. ಹಬ್ಬದಲ್ಲಿ ಬಿದಿರೆಲೆಯ ಚಿಮಾಕಿ ಮಾರುತ್ತಾರೆ. ಅದು ತಿನ್ನಲು ಅಲ್ಲ, ಬಾಗಿಲ ಮೇಲೆ ವರ್ಷವಿಡೀ ಕಟ್ಟಲು.

ಪ್ರಶ್ನೆ: ಇಳಕಲ್ಲಿನಲ್ಲಿ ಕೈಮಗ್ಗ ನಡೆಸುತ್ತೇನೆ. ಅಲ್ಲಿನ ನೇಕಾರರು ಹೇಗಿದ್ದಾರೆ? ಮಕ್ಕಳು ಕಸುಬು ಮುಂದುವರಿಸುತ್ತಿದ್ದಾರೆಯೇ?

ಅಣ್ಣಾ, ನಿಮ್ಮ ಪತ್ರವನ್ನು ನನ್ನ ಮಗ್ಗದ ಪಕ್ಕದಲ್ಲಿ ಅಂಟಿಸಿದ್ದೇನೆ.

ನಿಶಿಜಿನ್ ಎಂದರೆ ಪಶ್ಚಿಮದ ಪಾಳೆಯ. 1467ರಿಂದ 1477ರವರೆಗೆ ಈ ಊರನ್ನು ಸುಟ್ಟು ಬೂದಿ ಮಾಡಿದ ಓನಿನ್ ಯುದ್ಧದಲ್ಲಿ ಪಶ್ಚಿಮದ ಪಡೆ ಬೀಡುಬಿಟ್ಟ ಜಾಗವಿದು. ಯುದ್ಧ ಮುಗಿದ ಮೇಲೆ ಚದುರಿಹೋದ ನೇಕಾರರು ಹಿಂದಿರುಗಿ ಅಲ್ಲೇ ಮಗ್ಗ ಹೂಡಿದರು. ನೂಲಿಗೆ ಮೊದಲೇ ಬಣ್ಣ ಹಾಕಿ ನೇಯುವುದು ಇಲ್ಲಿನ ಪದ್ಧತಿ, ನಿಮ್ಮದೂ ನಮ್ಮದೂ ಅದೇ. ಕಿಮೊನೊದ ಮೇಲೆ ಬಿಗಿಯುವ ಓಬಿ ಎಂಬ ಅಗಲ ಪಟ್ಟಿಯೇ ಮುಖ್ಯ ಸರಕು. ಒಂದು ಓಬಿ ಒಂದೇ ಮನೆಯಲ್ಲಿ ಆಗುವುದಿಲ್ಲ. ನಕ್ಷೆ ಬರೆಯುವವರು, ಬಣ್ಣದವರು, ಉದ್ದೆಳೆಯ ಹಾಸು ಹೂಡುವವರು, ಚಿನ್ನದ ಹಾಳೆಯನ್ನು ಕಾಗದಕ್ಕೆ ಅಂಟಿಸಿ ದಾರದಷ್ಟು ಸಣ್ಣಗೆ ಸೀಳುವವರು, ಹೀಗೆ ಕೆಲಸ ಓಣಿಯಿಂದ ಓಣಿಗೆ ಸೈಕಲ್ಲಿನ ಮೇಲೆ ಹೋಗುತ್ತದೆ.

ತ್ಸುಜುರೆ ಎಂಬ ನೇಯ್ಗೆಯನ್ನು ನೀವು ನೋಡಬೇಕು. ನೇಕಾರರು ತಮ್ಮ ಬೆರಳಿನ ಉಗುರನ್ನು ಅರದಿಂದ ಗರಗಸದ ಹಲ್ಲಿನಂತೆ ಉಜ್ಜಿಕೊಂಡು, ಹೊಕ್ಕಿನ ಅಡ್ಡ ಎಳೆಯನ್ನು ಆ ಉಗುರಿನಿಂದಲೇ ಬಾಚಿ ಕೂರಿಸುತ್ತಾರೆ. ಸೂಕ್ಷ್ಮ ಚಿತ್ರವಾದರೆ ದಿನವಿಡೀ ಕೂತರೂ ಕೆಲವೇ ಸೆಂಟಿಮೀಟರ್. ನನಗೆ ಕಲಿಸಿದ ಗುರುಗಳ ಉಗುರು ನೋಡಿದಾಗ ನಿಮ್ಮಲ್ಲಿ ಸೆರಗಿನ ಹಾಸನ್ನು ಮೈಯ ಹಾಸಿಗೆ ಕೊಂಡಿ ಹಾಕಿ ಕೂಡಿಸುವ ಹೆಂಗಸರ ಬೆರಳು ಕಣ್ಣಿಗೆ ಕಟ್ಟಿತು.

ಅರಮನೆ ಟೋಕಿಯೊಗೆ ಹೋದಾಗ ಗಿರಾಕಿಗಳೆಲ್ಲ ಹೋದರು, ಕೇರಿ ಮುಳುಗುವ ಸ್ಥಿತಿಗೆ ಬಂತು. ಆಗ 1872ರಲ್ಲಿ ಮೂವರನ್ನು ಫ್ರಾನ್ಸಿನ ಲಿಯೋನಿಗೆ ಕಳುಹಿಸಿ ನಕ್ಷೆ ನೇಯುವ ಜಕಾರ್ಡ್ ಯಂತ್ರ ತರಿಸಿದರು. ಅವರಲ್ಲಿ ಒಬ್ಬರು ಮರಳುವಾಗ ಹಡಗು ಮುಳುಗಿ ತೀರಿಕೊಂಡರು. ಆ ಜಕಾರ್ಡಿನಿಂದ ಕೇರಿ ಉಳಿಯಿತು. ಇಂದಿನ ಕಷ್ಟ ಬೇರೆ. ಕಿಮೊನೊ ಉಡುವವರು ಕಡಿಮೆ, ನೇಯುವವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ, ಮಕ್ಕಳು ಕಚೇರಿಗೆ ಹೋಗುತ್ತಾರೆ. ನಾನು ಬಂದಾಗ ನಮ್ಮ ಓಣಿಯಲ್ಲಿ ಐದು ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಈಗ ಎರಡು, ಅದರಲ್ಲಿ ಒಂದು ನನ್ನದು. ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಬರುವುದಾದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ, ನನ್ನ ಗುರುಗಳ ಮಗ್ಗದ ಮುಂದೆ ನಿಮ್ಮನ್ನು ಕೂರಿಸುತ್ತೇನೆ. ಮಾತು ಬರದಿದ್ದರೂ ಮಗ್ಗ ಬರುತ್ತದಲ್ಲ.

ಪ್ರಶ್ನೆ: ನನಗೆ ಎಪ್ಪತ್ತೆಂಟು. ಬರುವ ಶಕ್ತಿ ಇಲ್ಲ. ಅಲ್ಲಿನ ಹೆಂಗಸರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ, ಅದನ್ನು ಬರೆಯಮ್ಮ. (ಶಿರಸಿಯ ಓದುಗರು)

ಅಜ್ಜಿ, ಎಲ್ಲ ಪ್ರಶ್ನೆಗಳಿಗಿಂತ ನನಗೆ ಇಷ್ಟವಾದ ಪ್ರಶ್ನೆ ಇದು.

ನಮ್ಮ ಓಣಿಯ ಮನೆಗಳು ಬೀದಿಗೆ ಇಕ್ಕಟ್ಟು, ಹಿಂದಕ್ಕೆ ಉದ್ದ. ಹಾವುಮೀನು ಮಲಗುವ ಜಾಗ ಎಂದೇ ಅವಕ್ಕೆ ಅಡ್ಡಹೆಸರು. ನಡುವೆ ಚಾಪೆಯಗಲದ ಒಂದು ಅಂಗಳ, ಅದರಲ್ಲಿ ಒಂದು ಕಲ್ಲು, ಸ್ವಲ್ಪ ಪಾಚಿ, ಒಂದು ಗಿಡ. ನಮ್ಮ ತೊಟ್ಟಿಮನೆಯ ತೊಟ್ಟಿಯಂತೆ ಗಾಳಿ ಬೆಳಕು ಅಲ್ಲಿಂದಲೇ. ಬೀದಿಯ ಮಾಡಿನ ಹೆಂಚಿನ ಮೇಲೆ ಕತ್ತಿ ಹಿಡಿದ, ಗಡ್ಡದ ಶೋಕಿ ಎಂಬ ಸಣ್ಣ ಮಣ್ಣಿನ ಗೊಂಬೆ ನಿಂತಿರುತ್ತದೆ. ದೃಷ್ಟಿ, ಪೀಡೆ ಒಳಗೆ ಬರದಿರಲೆಂದು.

ಬೆಳಿಗ್ಗೆ ಆರೂವರೆಗೆ ಪಕ್ಕದ ಮನೆಯ ಅಜ್ಜಿ ಬಿದಿರ ಪೊರಕೆ ಹಿಡಿದು ಹೊರಗೆ ಬರುತ್ತಾರೆ. ಅವರಿಗೆ ಎಂಬತ್ತಮೂರು. ತಮ್ಮ ಮನೆಯ ಮುಂಭಾಗ ಗುಡಿಸಿ, ಎರಡೂ ಪಕ್ಕದವರ ಗಡಿಯೊಳಗೆ ಒಂದು ಗೇಣಿನಷ್ಟು ಹೆಚ್ಚಿಗೆ ಗುಡಿಸುತ್ತಾರೆ. ಆಮೇಲೆ ಬಕೆಟ್ಟಿನಿಂದ ಸೌಟಿನಲ್ಲಿ ನೀರು ಚಿಮುಕಿಸುತ್ತಾರೆ. ಬಂದ ಹೊಸತರಲ್ಲಿ ನಾನು ಒಂದು ದಿನ ಬೇಗ ಎದ್ದು ಅವರ ಮನೆಯ ಮುಂದೆಯೂ ಪೂರ್ತಿ ಗುಡಿಸಿಬಿಟ್ಟೆ. ಹಿರಿಯರಿಗೆ ಸಹಾಯವಾಗಲಿ ಎಂದು. ಮಧ್ಯಾಹ್ನ ಅವರು ಒಂದು ಪೊಟ್ಟಣ ಸಿಹಿ ತಂದುಕೊಟ್ಟು ತುಂಬ ನಯವಾಗಿ ವಂದಿಸಿದರು. ನನಗೆ ಋಣ ಹೊರಿಸಬೇಡ ಎಂದು ಅದರ ಅರ್ಥವೆಂಬುದು ತಿಳಿಯಲು ನನಗೆ ವರ್ಷ ಹಿಡಿಯಿತು. ಗೇಣಿಗಿಂತ ಕಡಿಮೆಯಾದರೆ ಒರಟುತನ, ಹೆಚ್ಚಾದರೆ ಹೊರೆ. ಈಗ ನನ್ನ ಪೊರಕೆಗೂ ಆ ಅಳತೆ ಗೊತ್ತು. ಶ್ರಾವಣದಲ್ಲಿ ನೀರು ಚಿಮುಕಿಸಿದ ಮೇಲೆ ನಾನು ಹೊಸ್ತಿಲ ಮುಂದೆ ನಾಲ್ಕು ಎಳೆ ರಂಗೋಲಿ ಬಿಡುತ್ತೇನೆ. ಅಜ್ಜಿ ಅದನ್ನು ಸುತ್ತಿ ಬಳಸಿ ಗುಡಿಸುತ್ತಾರೆ.

ಓಣಿಯ ಮೂಲೆಯಲ್ಲಿ ಸಣ್ಣ ಗೂಡಿನೊಳಗೆ ಕೆಂಪು ಬಟ್ಟೆ ಕಟ್ಟಿದ ಕಲ್ಲಿನ ಜಿಜೊ ಇದ್ದಾನೆ. ಕ್ಷಿತಿಗರ್ಭ ಬೋಧಿಸತ್ವ ಅವನು, ಮಕ್ಕಳನ್ನು ಕಾಯುವವನು. ಕ್ಯೋಟೊದ ಹೆಚ್ಚುಕಡಿಮೆ ಪ್ರತಿ ಕೇರಿಗೂ ಒಬ್ಬ ಇರುತ್ತಾನೆ. ಆಗಸ್ಟಿನ ಕೊನೆಯ ಭಾಗದಲ್ಲಿ ಕೇರಿಯ ಮಕ್ಕಳೆಲ್ಲ ಅವನ ಮುಂದೆ ಸೇರಿ, ಉದ್ದನೆಯ ಒಂದೇ ಜಪಮಾಲೆಯನ್ನು ಸುತ್ತ ಕೂತು ಕೈಯಿಂದ ಕೈಗೆ ದಾಟಿಸುತ್ತಾರೆ, ಆಮೇಲೆ ತಿಂಡಿ ಹಂಚುತ್ತಾರೆ. ಉಳಿದ ದಿನಗಳಲ್ಲಿ ಹೂ ನೀರು ಬದಲಿಸುವ ಸರದಿ ನಮ್ಮ ಓಣಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಮರದ ಹಲಗೆ ತೂಗುಹಾಕುತ್ತಾರೆ. ಮೊದಲ ಆರು ವರ್ಷ ಆ ಹಲಗೆ ನನ್ನ ಮನೆಯನ್ನು ದಾಟಿ ಮುಂದೆ ಹೋಗುತ್ತಿತ್ತು. ಏಳನೆಯ ವರ್ಷ ಒಂದು ಬೆಳಿಗ್ಗೆ ಬಾಗಿಲು ಸರಿಸಿದಾಗ ಅದು ನನ್ನ ಚಿಲಕಕ್ಕೆ ತೂಗುತ್ತಿತ್ತು. ಯಾರೂ ಏನೂ ಹೇಳಲಿಲ್ಲ. ಈ ವಾರ ಮತ್ತೆ ನನ್ನ ಸರದಿ. ನಿನ್ನೆ ಸೇವಂತಿಗೆ ಇಟ್ಟೆ.